ಡಬ್ಬಿಯಲ್ಲಿ ಉಳಿದ ತುಂಡು

ನಮ್ಮ ಊರಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಾರೆ. ಆದರೂ ಖಾಜಾಸಾಬರ ಅಂಗಡಿಯಲ್ಲಿ ಹೆಚ್ಚು ಖರ್ಚಾಗುವುದು ಕಾಫಿಪುಡಿ. ಕಾಫಿಪುಡಿ, ಬಟ್ಟೆ ಸೋಡಾ, ವಿಟಮಿನ್ ಸಿ ಮಾತ್ರೆ, ಈ ಮೂರನ್ನೂ ಅವರು ಒಂದೇ ಪೊಟ್ಟಣದಲ್ಲಿ ಕಟ್ಟಿಟ್ಟಿರುತ್ತಾರೆ. ಹೈಪೊ ಹರಳು ಬೇರೆ ಪೊಟ್ಟಣ. ಮೊದಲನೆಯದನ್ನು ಬೆಚ್ಚಗಿನ ನೀರಿನಲ್ಲಿ ಕದಡಿದರೆ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ನೀರು ಸಿಗುತ್ತದೆ. ಮೂಡಿದ ಚಿತ್ರವನ್ನು ನಿಲ್ಲಿಸಲು ಹೈಪೊ. ಮೊದಲನೆಯ ನೀರಿನ ವಾಸನೆ ಕೆಟ್ಟದು. ಸೋಮವಾರ ಮಧ್ಯಾಹ್ನ ಬಸ್ಸಿಳಿದ ಪರವೂರಿನವರು ಚರಂಡಿ ಎಲ್ಲಿ ಒಡೆದಿದೆ ಎಂದು ಕೇಳುತ್ತಾರೆ.

ಊರು ಬಿಟ್ಟು ದುಡಿಯಲು ಹೋಗುವವರು ಬಸ್‌ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಕೂರಬೇಕು. ಖಾಜಾಸಾಬರು ಒಂದು ರೋಲ್ ಮುಗಿಯುವವರೆಗೆ ಅವರ ಫೋಟೊ ತೆಗೆಯುತ್ತಾರೆ. ಕಪ್ಪುಬಿಳುಪು ಫಿಲ್ಮು, ದೊಡ್ಡ ಡಬ್ಬಿಯಲ್ಲಿ ಅಗ್ಗಕ್ಕೆ ತರಿಸಿ, ಹಳೆಯ ರೋಲುಗಳ ಚಿಪ್ಪಿಗೆ ಅವರೇ ಸುತ್ತಿ ತುಂಬಿದ್ದು. ಮನೆಯವರು ಆ ರೋಲನ್ನು ಕತ್ತಲಲ್ಲಿ ಒಂದೊಂದು ಚಿತ್ರದ ತುಂಡಾಗಿ ಕತ್ತರಿಸಿ ತಗಡಿನ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಸೋಮವಾರಕ್ಕೆ ಒಂದು ತುಂಡು ತೊಳೆಯುತ್ತಾರೆ. ಹೋದವರು ತೊಳೆಯುವ ಹೊತ್ತಿಗೆ ಎಲ್ಲಿದ್ದಾರೋ ಹೇಗಿದ್ದಾರೋ ಹಾಗೆ ಅದರಲ್ಲಿ ಬರುತ್ತಾರೆ. ಬದುಕಿಲ್ಲದಿದ್ದರೆ ಬರೀ ಕಟ್ಟೆ ಬರುತ್ತದೆ.

ಫೋಟೊ ಕಾಗದ ತುಟ್ಟಿ. ಹಾಗಾಗಿ ಯಾರೂ ಪ್ರಿಂಟ್ ಹಾಕುವುದಿಲ್ಲ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ನೆಗೆಟಿವ್ ಓದಲು ಬರುತ್ತದೆ. ಮುಖ ಕಪ್ಪಗೆ, ಕೂದಲು ಬೆಳ್ಳಗೆ, ನಕ್ಕರೆ ಹಲ್ಲು ಇದ್ದಿಲಿನಂತೆ. ಮಗನ ಕೂದಲು ನೆಗೆಟಿವ್‌ನಲ್ಲಿ ಕಪ್ಪಾಗತೊಡಗಿದರೆ ತಾಯಂದಿರು ಚಿಂತೆ ಮಾಡುತ್ತಾರೆ. ದೂರದಲ್ಲಿರುವ ನಮ್ಮವರು ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಒಗೆದ ಅಂಗಿ ಹಾಕಿ, ತಲೆ ಬಾಚಿ, ಮುಂದೆ ನೋಡುತ್ತ ಸುಮ್ಮನೆ ಕೂತಿರುತ್ತಾರೆ. ಅವರ ಜೊತೆ ಕೆಲಸ ಮಾಡುವವರು ಇದೊಂದು ವ್ರತ ಎಂದುಕೊಂಡಿದ್ದಾರೆ.

ನನ್ನ ಗಂಡ ಚನ್ನವೀರ ಎರಡು ಹೊಳೆ ದಾಟಿ ಹೋಗಬೇಕಾದ ಕಡೆ, ಸೇತುವೆ ಕಟ್ಟುವ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸಕ್ಕೆ ಹೋದ. ನಮ್ಮ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಅವನ ತುಂಡುಗಳನ್ನು ನಾನೇ ತೊಳೆಯುತ್ತಿದ್ದೆ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಎಂಬುದು ಅದಕ್ಕೆ ಕಾರಣವಲ್ಲ. ಅತ್ತೆಗೆ ಕೈ ನಡುಗುತ್ತಿತ್ತು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಾನು ಬೆಳಕು ನುಸುಳದಂತೆ ದಪ್ಪ ಕೌದಿಯ ಹೊದಿಕೆಯೊಳಗೆ ಎರಡೂ ಕೈ ತೂರಿಸಿ ಕೂರುತ್ತಿದ್ದೆ. ಕೌದಿಯೊಳಗೆ ಎಡಗಡೆ ಕಾಫಿನೀರಿನ ಸ್ಟೀಲ್ ಡಬ್ಬಿ, ಬಲಗಡೆ ಹೈಪೊದ ಡಬ್ಬಿ. ಅತ್ತೆ ಕಸ್ತೂರೆವ್ವ ನನ್ನ ಹಿಂದೆ ಗಡಿಯಾರ ಹಿಡಿದು ಕೂತು, ಎಷ್ಟು ಹೊತ್ತಾಯಿತು ಎಂದು ಹೇಳುತ್ತಿದ್ದರು. ಅದರ ಜೊತೆಗೆ ನೀರು ಬಿಸಿಯಾಗಿದೆ, ನೀರು ತಣ್ಣಗಾಗಿದೆ, ಸರಿಯಾಗಿ ಅಲುಗಾಡಿಸು ಎಂದೂ ಹೇಳುತ್ತಿದ್ದರು.

ಚನ್ನವೀರ ಪ್ರತಿ ಸೋಮವಾರವೂ ಬರುತ್ತಿದ್ದ. ಆದರೆ ಮುಖ ಕಾಣುತ್ತಿರಲಿಲ್ಲ. ಯಾವುದೋ ಕತ್ತಲು ಕೋಣೆಯಲ್ಲಿ, ಗೋಣಿಚೀಲಗಳ ನಡುವೆ, ತಲೆ ಬಗ್ಗಿಸಿ ಕೂತಿರುತ್ತಿದ್ದ. ತೊಡೆಯ ಮೇಲೆ ಒಂದು ದಪ್ಪ ಕೋಟು. ಎರಡೂ ಕೈ ಕೋಟಿನೊಳಗೆ.

ಮೂರನೆಯ ವಾರ ಅತ್ತೆ ಹೇಳಿದರು. "ಕೈ ಮಷಿನ್ಯಾಗ ಸಿಕ್ಕಾವ. ನಮಗ ತೋರಿಸಬಾರದಂತ ಮುಚ್ಕೊಂಡಾನ."

ಎದುರುಮನೆಯ ಬಾಳವ್ವ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. "ಕೈ ಹೋದವ್ರ ಹೆಗಲು ಹಿಂಗ ಇರೂದಿಲ್ಲ ಕಸ್ತೂರಕ್ಕಾ. ಇವಾ ಒಳಗ ಏನೋ ತಿನ್ನಾಕತ್ತಾನ. ಮಂದಿಗೆ ಕೊಡಬೇಕಾಗ್ತೈತಂತ ಮುಚ್ಕೊಂಡು ತಿಂತಾನ."

"ನನ್ನ ಮಗಾ ಹಂಗ ಬೆಳದಿಲ್ಲ."

"ಹೊರಗ ಹೋದ ಮ್ಯಾಲ ಎಲ್ಲಾರೂ ಹಂಗ ಆಗ್ತಾರ ಬಿಡು."

ತಿಂಗಳಿಗೊಮ್ಮೆ ಅವನು ಖಾಜಾಸಾಬರ ಅಂಗಡಿಗೆ ಫೋನ್ ಮಾಡುತ್ತಿದ್ದ. ನಾನು ಹೋಗಿ ಮಾತಾಡುತ್ತಿದ್ದೆ. ಅಂಗಡಿಯಲ್ಲಿ ಜನ ಇರುತ್ತಿದ್ದರು. ಹಾಗಾಗಿ ಹೆಚ್ಚು ಮಾತಿರುತ್ತಿರಲಿಲ್ಲ. ಅತ್ತೆ ಕೇಳಲು ಹೇಳಿದ್ದರೆಂದು ಒಮ್ಮೆ ಕೇಳಿದೆ. "ಕೈ ಹೆಂಗದಾವ್ರಿ?"

"ಚಲೋ ಅದಾವ," ಎಂದ. ಸ್ವಲ್ಪ ಹೊತ್ತು ನಕ್ಕ. "ನಿನ್ನ ಕೈ ಹೆಂಗದಾವ?"

"ಚಲೋ ಅದಾವ್ರಿ," ಎಂದೆ. ಅತ್ತೆಗೂ ಹಾಗೆಯೇ ಹೇಳಿದೆ. ಅವರು ನಂಬಲಿಲ್ಲ.

ಮಳೆಗಾಲದ ಕೊನೆಯಲ್ಲಿ ಒಂದು ಗುರುವಾರ ಖಾಜಾಸಾಬರೇ ಮನೆಗೆ ಬಂದರು. ಅಂಗಡಿ ಬಿಟ್ಟು ಅವರು ಯಾರ ಮನೆಗೂ ಹೋಗುವುದಿಲ್ಲ. ಕಂಪನಿಯಿಂದ ಫೋನ್ ಬಂದಿತ್ತು. ಚನ್ನವೀರನಿಗೆ ಜ್ವರ ಬಂದು, ಜ್ವರ ತಲೆಗೇರಿ, ಅಲ್ಲಿಯೇ ತೀರಿಕೊಂಡಿದ್ದ. ಹೊಳೆ ತುಂಬಿ ದಾರಿ ಕಟ್ಟಿತ್ತು. ಅಲ್ಲಿಯವರೇ ಮಣ್ಣು ಮಾಡಿದ್ದರು. ಖಾಜಾಸಾಬರು ಇಷ್ಟನ್ನು ನಿಂತುಕೊಂಡೇ ಹೇಳಿ, ಟೋಪಿ ತೆಗೆದು ಕೈಯಲ್ಲಿ ಹಿಡಿದರು.

ಅತ್ತೆ ಅಳಲಿಲ್ಲ. "ಸೋಮವಾರ ನೋಡೂಣು," ಎಂದರು.

ಸೋಮವಾರ ತೊಳೆದೆ. ಕಟ್ಟೆ ಬಂತು.

ನಮ್ಮ ಊರಿನಲ್ಲಿ ಒಮ್ಮೆ ಕಟ್ಟೆ ಬಂದರೆ ಮುಗಿಯಿತು. ಡಬ್ಬಿಯಲ್ಲಿ ಉಳಿದ ತುಂಡುಗಳನ್ನು ಅಂಗಳದಲ್ಲಿ ಬಿಸಿಲಿಗೆ ಹಾಕುತ್ತಾರೆ. ಬೆಳಕು ಬಿದ್ದ ತುಂಡು ಕೆಡುತ್ತದೆ, ಮತ್ತೆ ತೊಳೆಯಲು ಬರುವುದಿಲ್ಲ. ಆಮೇಲೆ ಸತ್ತವರ ಕಾರ್ಯ. ಡಬ್ಬಿಯಲ್ಲಿ ಒಂದು ತುಂಡಿದ್ದರೂ ಕಾರ್ಯ ಮಾಡುವಂತಿಲ್ಲ. ಗಂಡನ ತುಂಡು ಡಬ್ಬಿಯಲ್ಲಿರುವ ಹೆಂಗಸು ಕಟ್ಟೆ ಹತ್ತುವಂತೆಯೂ ಇಲ್ಲ, ಅಂದರೆ ಊರು ಬಿಡುವಂತಿಲ್ಲ. ಅವಳು ಹೋದರೆ ತೊಳೆಯುವವರು ಯಾರು ಎಂದು.

ಅತ್ತೆ ಆ ತುಂಡನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಾಫಿಪುಡ್ಯಾಗ ಚಿಕೋರಿ ಐತಿ," ಎಂದರು.

"ಇಲ್ಲರಿ ಅತ್ತೀ. ಅದs ಪುಡಿ."

"ಚಿಕೋರಿ ಇದ್ರ ಸರಿಯಾಗಿ ಮೂಡೂದಿಲ್ಲ."

ಸರಿಯಾಗಿ ಮೂಡಿತ್ತು. ಕಟ್ಟೆಯ ಮೂಲೆಯ ಒಡಕು, ಒಡಕಿನಲ್ಲಿದ್ದ ಬೀಡಿ ತುಂಡು, ಎಲ್ಲ ಇತ್ತು. ನಾನು ಡಬ್ಬಿ ತೊಳೆಯಲು ಹಿತ್ತಲಿಗೆ ಹೋದೆ.

ಮುಂದಿನ ಸೋಮವಾರ ಹೊಸ ಪೊಟ್ಟಣ ತಂದು ತೊಳೆದೆವು. ಕಟ್ಟೆ ಬಂತು. ನೀರು ಉಪ್ಪಿತ್ತು ಎಂದರು. ಬಾಳವ್ವನ ಮನೆಯ ಸಿಹಿನೀರು ತಂದೆವು. ಕಟ್ಟೆ ಬಂತು. ನಾನು ಓರೆ ಕತ್ತರಿಸಿದ್ದೇನೆ ಎಂದರು. ಇನ್ನೊಂದು ವಾರ ಕೌದಿಯಲ್ಲಿ ತೂತಿದೆ ಎಂದು ಅದರ ಮೇಲೆ ಇನ್ನೊಂದು ಕೌದಿ ಹೊದಿಸಿದರು. ನನ್ನ ಕೈ ಬೆವರಿತು. ಕಟ್ಟೆ ಬಂತು. ಆಮೇಲೆ ಅವರು ಕಾರಣ ಹೇಳುವುದನ್ನು ಬಿಟ್ಟರು. ಸೋಮವಾರ ಗಡಿಯಾರ ಹಿಡಿದು ಬಂದು ಕೂರುತ್ತಿದ್ದರು ಅಷ್ಟೇ.

ನಾನು ಆ ದಿನಗಳಲ್ಲಿ ಅಳುತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಹಣೆಯ ಕುಂಕುಮ ತೆಗೆಯಬೇಕೋ ಇಡಬೇಕೋ ಯಾರೂ ಹೇಳಲಿಲ್ಲ. ಇಟ್ಟುಕೊಂಡಿದ್ದೆ. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯಲು ಬಂದು, ಹೊಸ್ತಿಲ ಬಳಿ ನಿಂತು, ಉಪ್ಪು ಕೇಳಿ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಉಪ್ಪು ಬೇಗ ಮುಗಿಯುತ್ತಿತ್ತು.

ಡಬ್ಬಿಯಲ್ಲಿ ಒಂದು ತುಂಡು ಉಳಿದಾಗ ಅತ್ತೆ ಡಬ್ಬಿಯ ಮುಚ್ಚಳದ ಸುತ್ತ ಅಂಟುಪಟ್ಟಿ ಹಚ್ಚಿ, ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮುಂದಿನ ಸೋಮವಾರ ಗಡಿಯಾರ ತರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಊರೆಲ್ಲ ನಾರುತ್ತಿದ್ದಾಗ ನಮ್ಮ ಮನೆಯಲ್ಲಿ ಒಗ್ಗರಣೆಯ ವಾಸನೆ ಇರುತ್ತಿತ್ತು.

ಅದೇ ದಿನಗಳಲ್ಲಿ ದೂರದ ಒಂದು ಕಾಲೇಜಿನಿಂದ ನನಗೆ ಕರೆ ಬಂತು. ಮದುವೆಗೆ ಮುಂಚೆ ಅರ್ಜಿ ಹಾಕಿದ್ದೆ, ಮರೆತಿದ್ದೆ. ಪಾಠ ಮಾಡುವ ಕೆಲಸ, ಇರಲು ಒಂದು ಕೋಣೆ. ಹೋಗಬೇಕೆಂದು ಬಹಳ ಆಸೆಯಿತ್ತೆಂದು ಹೇಳಲಾರೆ. ಆದರೆ ಈ ಮನೆಯಲ್ಲಿ ನಾನು ಏನೂ ಅಲ್ಲದವಳಾಗಿ ಇನ್ನೊಂದು ವರ್ಷ ಕೂತರೆ ಎದ್ದೇಳುವುದು ಮರೆತುಹೋಗುತ್ತದೆ ಎನ್ನಿಸಿತ್ತು.

ಅತ್ತೆಯ ಮೈದುನ ಗುರುಪಾದಪ್ಪ ಮಾತಾಡಲು ಬಂದರು. ಚನ್ನವೀರನ ಕಾಕಾ ಅವರು. ಮನೆಯಲ್ಲಿ ಉಳಿದಿರುವ ಹಿರಿಯ ಗಂಡಸು.

"ವೈನಿ, ಮಂದಿಗೆ ಒಮ್ಮೆ ಕಟ್ಟೆ ಬಂದ್ರ ಸಾಕಾಗ್ತೈತಿ. ನಿಮಗ ಎಷ್ಟ ಸಲ ಬರಬೇಕು?"

"ನಿನ್ನ ಮಗಾ ಆಗಿದ್ರ ನೀ ಎಷ್ಟ ಸಲ ತೊಳೀತಿದ್ದಿ?"

ಅವರು ಸ್ವಲ್ಪ ಯೋಚಿಸಿದರು. "ನನ್ನ ಮಗಾ ಊರು ಬಿಟ್ಟು ಎಲ್ಲಿ ಹೋಗ್ಯಾನ. ಎಬ್ಬಿಸಿದ್ರ ಹಾಸಿಗಿ ಬಿಟ್ಟು ಏಳೂದಿಲ್ಲ."

"ಹಂಗಾರ ಸುಮ್ಮನ ಕೂಡು."

"ನಾ ಸುಮ್ಮನ ಕೂಡ್ತೀನಿ. ಈ ಹುಡುಗಿ ಎಷ್ಟ ದಿನಾ ಸುಮ್ಮನ ಕೂಡಬೇಕು? ಆಕಿಗೆ ನೌಕರಿ ಬಂದೈತಿ. ಒಂದ ತುಂಡು ಇಟ್ಕೊಂಡು ನೀವೇನು ಮಾಡವ್ರು?"

"ಅದು ಇರೂತನಕ ಅವಾ ಅದಾನ," ಎಂದರು ಅತ್ತೆ. "ತೊಳದ್ರ ಇಲ್ಲ. ಬಿಸಿಲಿಗಿಟ್ರ ಇಲ್ಲ. ಟ್ರಂಕಿನ್ಯಾಗ ಇದ್ರ ಅದಾನ. ಆಕಿ ಹೋಗಲಿ, ನಾ ಏನ್ ಕಾಲ ಹಿಡಕೊಂಡೀನಿ?"

"ಕಟ್ಟೆ ಹತ್ತಲಾರದ ಹೆಂಗ ಹೋಗ್ತಾಳ? ಬಸ್ಸಿನ್ಯಾಗ ಯಾರ ಕೂಡಿಸ್ಕೋತಾರ?"

ಅದು ನಿಜ. ನಮ್ಮ ಊರಿನ ಕಂಡಕ್ಟರ್ ಕಟ್ಟೆಯ ಮೇಲೆ ಕೂರದವರಿಗೆ ಟಿಕೆಟ್ ಕೊಡುವುದಿಲ್ಲ. ಅವರ ಮನೆಯವರು ಆಮೇಲೆ ಅವನ ಮನೆಗೆ ಬಂದು ಕೂರುತ್ತಾರೆಂದು ಅವನಿಗೆ ಹೆದರಿಕೆ.

ನಾನು ಚಹಾ ತಂದಿಟ್ಟೆ. ಇಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಟ್ರಂಕಿನ ಬೀಗದ ಕೈ ಅತ್ತೆಯ ಸೆರಗಿನ ಗಂಟಿನಲ್ಲಿತ್ತು. ಅವರು ಮಲಗಿದಾಗ ಅದನ್ನು ಬಿಚ್ಚಬಹುದಿತ್ತು. ಬಿಚ್ಚಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಹೊಳೆ ಇಳಿದ ಮೇಲೆ ಕಂಪನಿಯವರು ಚನ್ನವೀರನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದರು. ಅತ್ತೆ ಮುಟ್ಟಲಿಲ್ಲ. ಇರುವವನ ಪೆಟ್ಟಿಗೆಯನ್ನು ನಾವು ಯಾಕೆ ಬಿಚ್ಚಬೇಕು ಎಂದರು. ನಾನು ಬಿಚ್ಚಿದೆ. ಅಂಗಿಗಳು, ಗಡ್ಡದ ಸಾಮಾನು, ದಪ್ಪ ಕೋಟು. ಕೋಟಿನ ಒಳಗಡೆ ಬಟ್ಟೆಗೆ ಕಾಫಿಯ ಕಲೆಗಳಿದ್ದವು. ಕೋಟಿನ ಕೆಳಗೆ ಒಂದು ತಗಡಿನ ಡಬ್ಬಿ, ಮುಚ್ಚಳಕ್ಕೆ ಅಂಟುಪಟ್ಟಿ, ಅದರ ಮೇಲೆ ಅವನ ಅಕ್ಷರದಲ್ಲಿ "ಬೆಳಕು ಬೇಡ". ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತೊಳೆದು ಒಣಗಿಸಿದ ತುಂಡುಗಳು.

ಒಂದನ್ನು ತೆಗೆದು ಬಾಗಿಲ ಬೆಳಕಿಗೆ ಹಿಡಿದೆ. ಒಬ್ಬ ಹೆಂಗಸು ತಲೆ ಬಗ್ಗಿಸಿ ಕೂತಿದ್ದಳು. ಎರಡೂ ಕೈ ಕೌದಿಯೊಳಗೆ. ಮುಖ ಕಾಣುತ್ತಿರಲಿಲ್ಲ. ಬೈತಲೆ ಕಪ್ಪು ಗೆರೆಯಾಗಿ ಕಾಣುತ್ತಿತ್ತು. ಇನ್ನೊಂದು ನೋಡಿದೆ. ಅವಳೇ, ಬೇರೆ ಸೀರೆಯಲ್ಲಿ.

ಹೊರಡುವ ಹಿಂದಿನ ದಿನ ಅವನು ಖಾಜಾಸಾಬರ ಕ್ಯಾಮೆರಾ ಮನೆಗೆ ತಂದಿದ್ದ. ನಾನು ಅಕ್ಕಿ ಆರಿಸುತ್ತಿದ್ದೆ. ಗುಂಡಿ ಸರಿಯಾಗಿದೆಯೋ ನೋಡುತ್ತೇನೆ, ಒಳಗೆ ಫಿಲ್ಮ್ ಇಲ್ಲ ಎಂದು ಹೇಳಿ ನನ್ನ ಕಡೆ ಹಿಡಿದು ಒತ್ತುತ್ತಲೇ ಇದ್ದ. ಉಳಿಯುವವರ ಫೋಟೊ ತೆಗೆಯುವುದು ನಮ್ಮಲ್ಲಿ ಇಲ್ಲ. ತೆಗೆದರೆ ಅವರೂ ಹೊರಟುಹೋಗುತ್ತಾರೆ ಎನ್ನುತ್ತಾರೆ. ಹಾಗಾಗಿ ಯಾರಿಗೂ ಹೇಳದೆ ಒಂದು ರೋಲ್ ಹಾಕಿಕೊಂಡಿದ್ದಾನೆ. ನಾವು ಇಲ್ಲಿ ಅವನನ್ನು ತೊಳೆಯುವ ಹೊತ್ತಿಗೇ ಅವನು ಅಲ್ಲಿ ಸ್ಟೋರಿನ ಬಾಗಿಲು ಹಾಕಿಕೊಂಡು, ಕೋಟಿನೊಳಗೆ ಕೈ ಹಾಕಿ, ನನ್ನನ್ನು ತೊಳೆಯುತ್ತಿದ್ದ. ನನಗೆ ಸಿಕ್ಕಿದ್ದು ಅವನ ನೆತ್ತಿ. ಅವನಿಗೆ ಸಿಕ್ಕಿದ್ದು ನನ್ನ ನೆತ್ತಿ. ಅವನು ಬೇರೆ ಹೊತ್ತು ಆರಿಸಿಕೊಳ್ಳಬಹುದಿತ್ತು. ಯಾಕೆ ಆರಿಸಿಕೊಳ್ಳಲಿಲ್ಲ ಎಂದು ಈಗ ಕೇಳಲು ಬರುವುದಿಲ್ಲ.

ತುಂಡುಗಳನ್ನು ಅತ್ತೆಯ ಹತ್ತಿರ ಒಯ್ದೆ. ಅವರು ಕಿಟಕಿಯ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಯಾರಿದು?"

"ನಾನs ರಿ."

"ತಲಿ ಬಗ್ಗಿಸಿ ಏನ ಮಾಡಾಕತ್ತಿ?"

"ಅವರನ್ನ ತೊಳಿಯಾಕತ್ತೀನ್ರಿ. ಅವರು ಅಲ್ಲಿ ಕೋಟಿನ್ಯಾಗ ಕೈ ಹಾಕಿ ನನ್ನ ತೊಳಿಯಾಕತ್ತಿದ್ರು. ಅದs ಹೊತ್ತಿಗೆ."

ಅತ್ತೆ ತುಂಡನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರ ಕೈ ಇದ್ದೂ."

"ಇದ್ದೂರಿ. ಎರಡೂ."

"ಹುಚ್ಚರು," ಎಂದರು. "ಇಬ್ಬರೂ ಹುಚ್ಚರು. ಒಬ್ಬರಾದ್ರೂ ಮಾರಿ ಎತ್ತಬಾರದಾ."

ಅವರು ಬೆಳ್ಳುಳ್ಳಿಯ ಮೊರ ಸರಿಸಿ ಕನ್ನಡಕ ಹಾಕಿಕೊಂಡರು. ತುಂಡನ್ನು ಕಿಟಕಿಗೆ ಇನ್ನೂ ಹತ್ತಿರ ಹಿಡಿದರು. "ಹಿಂದ ಇದ್ಯಾರು, ಗಡಿಯಾರ ಹಿಡಕೊಂಡು?"

ನಾನು ನನ್ನನ್ನು ಮಾತ್ರ ನೋಡಿದ್ದೆ. "ನೀವs ರಿ ಅತ್ತೀ."

"ನಾನಾ?" ಇನ್ನೊಂದು ತುಂಡು ತೆಗೆದುಕೊಂಡರು. ಅದರಲ್ಲೂ ಇದ್ದರು. ಎಲ್ಲದರಲ್ಲೂ ಇದ್ದರು. ತಲೆ ಬಗ್ಗಿಸದೆ ನೇರವಾಗಿ ಕೂತವರು ಅವರೊಬ್ಬರೇ. "ಇದರಾಗ ಬಾಯಿ ತೆರದೀನಿ."

"ಬೈಯಾಕತ್ತೀರಿ. ನೀರು ಬಿಸಿ ಆಗೇತಂತ."

"ಇದರಾಗ?"

"ಆಕಳಿಸಾಕತ್ತೀರಿ."

"ನನ್ನ ಮಗಾ ನೋಡೂ ಹೊತ್ನ್ಯಾಗ ಆಕಳಿಸೀನಿ." ತುಂಡನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. "ಇದರಾಗ ಕುಪ್ಪಸ ಉಲ್ಟಾ ಹಾಕ್ಕೊಂಡೀನೇನು? ಒಬ್ಬರಾದ್ರೂ ಹೇಳಬಾರದಾ ನನಗ."

ಬಿಸಿಲು ಸರಿದಂತೆ ಅವರೂ ಕಿಟಕಿಯ ಬಳಿ ಸರಿಯುತ್ತ ಹೋದರು. ಎಲ್ಲವನ್ನೂ ನೋಡಿ, ನೋಡಿದ್ದನ್ನು ಮತ್ತೆ ನೋಡಿದರು. ನಾನು ಬೆಳ್ಳುಳ್ಳಿ ಸುಲಿದು ಮುಗಿಸಿದೆ. ಕೊನೆಗೆ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ವಾರಾ ವಾರಾ ನೋಡ್ಯಾನ ನನ್ನ," ಎಂದರು. "ಎಲ್ಲಾ ನೋಡ್ಯಾನ." ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ನನ್ನ ಮುಂದೆ ಇಟ್ಟರು. "ಡಬ್ಬಿ ತಗಿ. ಪುಡಿ ಕಲಸು. ಗುರುಪಾದಗ ಬಾ ಅನ್ನು."

"ಇವತ್ತ ಸೋಮವಾರ ಅಲ್ಲರಿ."

"ಗೊತ್ತೈತಿ. ಬಿಸಿಲಿಗೆ ಹಾಕೂದು ನನ್ನ ಕೈಲೆ ಆಗೂದಿಲ್ಲ. ತೊಳದs ಮುಗಿಸೂಣು."

ಗುರುಪಾದಪ್ಪ ಬಂದು ಜಗಲಿಯ ಮೇಲೆ ಕೂತರು. ಕೊನೆಯ ತುಂಡು ತೊಳೆಯುವಾಗ ಮನೆಯ ಹಿರಿಯರು ಹೊರಗೆ ಕೂತಿದ್ದು, ಏನು ಬಂತೆಂದು ಕೇಳಿ ಊರಿಗೆ ತಿಳಿಸಬೇಕು. ನಾನು ಕೌದಿಯೊಳಗೆ ಕೈ ಹಾಕಿದೆ. ಅತ್ತೆ ಗಡಿಯಾರ ಹಿಡಿದು ಹಿಂದೆ ಕೂತರು. ಅಂಟುಪಟ್ಟಿ ಕಿತ್ತು ಮುಚ್ಚಳ ತೆಗೆದೆ. ಒಳಗೆ ಬೆರಳಾಡಿಸಿದಾಗ ತುಂಡು ಮೂಲೆಯಲ್ಲಿ ಸಿಕ್ಕಿತು. ಅಂಚು ಹಿಡಿದೆ. ಓರೆ ಕತ್ತರಿಸಿರಲಿಲ್ಲ.

ಏನು ಬರುತ್ತದೆಂದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಅವರು ನನ್ನ ಬೆನ್ನ ಹಿಂದೆ ಉಸಿರಾಡುವುದು ಕೇಳುತ್ತಿತ್ತು. ಇಷ್ಟು ವಾರ ಅವರು ಆ ಬರೀ ಕಟ್ಟೆಯ ತುಂಡನ್ನು ಕಿಟಕಿಗೆ ಹಿಡಿದು ನೋಡುವಾಗ ನಾನು ಡಬ್ಬಿ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಿದ್ದೆ.

"ಹಾಕಿದ್ಯಾ?"

"ಹಾಕಿದೆ," ಎಂದೆ. ಬಲಗಡೆಯ ಡಬ್ಬಿಗೆ ಹಾಕಿದ್ದೆ.

ಹೈಪೊಗೆ ಮೊದಲು ಬಿದ್ದ ಫಿಲ್ಮಿನಲ್ಲಿ ಏನೂ ಉಳಿಯುವುದಿಲ್ಲ. ಮೂಡಬೇಕಾದದ್ದೆಲ್ಲ ಕರಗಿಹೋಗುತ್ತದೆ. ಆಮೇಲೆ ಕಾಫಿನೀರಿಗೆ ಹಾಕಿದರೂ ಅಷ್ಟೇ. ಇದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಈ ತಪ್ಪನ್ನು ಯಾರೂ ಮಾಡುವುದಿಲ್ಲ.

ಅತ್ತೆ ಹೊತ್ತು ಹೇಳುತ್ತ ಹೋದರು. ನಾನು ಡಬ್ಬಿ ಅಲುಗಾಡಿಸುತ್ತ ಹೋದೆ. ಮುಗಿಯಿತು ಎಂದಾಗ ಕೈ ಹೊರತೆಗೆದು, ತುಂಡನ್ನು ನೀರಿನಲ್ಲಿ ಜಾಲಿಸಿ ಅವರಿಗೆ ಕೊಟ್ಟೆ. ಈ ಸಲ ಹಿತ್ತಲಿಗೆ ಹೋಗಲಿಲ್ಲ.

ಅವರು ಕಿಟಕಿಗೆ ಹಿಡಿದರು. ತುಂಡು ಗಾಜಿನಂತಿತ್ತು. ಅದರೊಳಗಿಂದ ಬಾಳವ್ವನ ಮನೆಯ ಗೋಡೆ ಕಾಣುತ್ತಿತ್ತು, ಗೋಡೆಯ ಮೇಲೆ ಒಣಹಾಕಿದ ಹಸಿರು ಸೀರೆ ಹಸಿರಾಗಿಯೇ ಕಾಣುತ್ತಿತ್ತು. ಅತ್ತೆ ಅದನ್ನು ತಿರುಗಿಸಿ ಇನ್ನೊಂದು ಕಡೆಯಿಂದಲೂ ನೋಡಿದರು.

"ಎಂ.ಎಸ್ಸಿ. ಮಾಡಿದಾಕಿಗೆ ಡಬ್ಬಿ ತಪ್ತೇನು?"

"ತಪ್ಪಿತ್ರಿ."

"ಹೂಂ," ಎಂದರು. ತುಂಡನ್ನು ಸೆರಗಿನಿಂದ ಒತ್ತಿ ನೀರು ತೆಗೆದು ಜಗಲಿಗೆ ನಡೆದರು. ನಾನು ಬಾಗಿಲ ಹಿಂದೆ ನಿಂತೆ.

"ಏನ ಬಂತು ವೈನಿ?"

"ಏನೂ ಬರಲಿಲ್ಲ. ಗಡಿಬಿಡ್ಯಾಗ ನಾ ಮೊದಲ ಹೈಪೊದಾಗ ಹಾಕಿದೆ."

"ನೀವು ಹಾಕಿದ್ರ್ಯಾ? ನಿಮ್ಮ ಕೈ ನಡಗ್ತಾವಂತ ಈಕಿ ಅಲ್ಲೇನು ತೊಳಿಯಾಕಿ?"

"ಕೊನೀದು ನಾನs ತೊಳೀತೀನಂತ ಕೂತೆ. ಕೈ ನಡಗ್ತು."

ಗುರುಪಾದಪ್ಪ ತುಂಡನ್ನು ಇಸಿದುಕೊಂಡು ಆಕಾಶಕ್ಕೆ ಹಿಡಿದರು. "ಕಟ್ಟೆನೂ ಇಲ್ಲ, ಅವನೂ ಇಲ್ಲ. ಊರಾಗ ಏನಂತ ಹೇಳ್ಲಿ?"

"ಡಬ್ಬಿ ಖಾಲಿ ಆತಂತ ಹೇಳು. ಐದನೇ ದಿನಾ ಕಾರ್ಯ ಮಾಡೂಣು. ಆಮ್ಯಾಲ ಆಕಿ ನೌಕರಿಗೆ ಹೋಗ್ತಾಳ."

ಅವರು ತುಂಡನ್ನು ಮರಳಿ ಕೊಟ್ಟು, ಚಹಾ ಇದೆಯೇ ಎಂದು ಕೇಳಿದರು.

ಕಾರ್ಯ ಆಯಿತು. ನಾನು ಹೊರಡುವ ದಿನ ಅತ್ತೆ ಬಸ್‌ಸ್ಟ್ಯಾಂಡಿಗೆ ಬಂದರು. ನಾನು ಕಟ್ಟೆಯ ಮೇಲೆ ಕೂತೆ. ಕಲ್ಲು ಬಿಸಿಯಾಗಿತ್ತು. ಖಾಜಾಸಾಬರು ಕ್ಯಾಮೆರಾ ಎತ್ತಿದರು. ಅತ್ತೆ ಕೈ ಅಡ್ಡ ಹಿಡಿದರು.

"ಬ್ಯಾಡ್ರಿ ಸಾಬರ. ಈಕೀದು ತಗದಿದ್ದೈತಿ. ನನ್ನ ಮಗಾ ತಗದಾನ. ಇನ್ನಾ ಭಾಳ ತುಂಡು ಉಳದಾವ."

ಖಾಜಾಸಾಬರು ನನ್ನನ್ನು ನೋಡಿದರು. ನಾನು ಹೌದು ಎಂದೆ. ಅವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು. ಕಂಡಕ್ಟರ್ ಟಿಕೆಟ್ ಕೊಟ್ಟ.

"ಸೋಮವಾರ ಊಟ ಆದ ಮ್ಯಾಲ ಕೂತಿರ್ಲೇನ್ರಿ?" ಎಂದು ಅತ್ತೆಯನ್ನು ಕೇಳಿದೆ.

"ಸೋಮವಾರ ಎಲ್ಲಾರೂ ತಲಿ ಬಾಚ್ಕೊಂಡು ಕೂತಿರ್ತಾರ. ಅದನ್ನೇನ ನೋಡೂದು," ಎಂದರು. "ನಾ ಬುಧವಾರ ತೊಳೀತೀನಿ. ಹೊತ್ತು ಹೇಳೂದಿಲ್ಲ."

ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಕಾಲೇಜು ಚೆನ್ನಾಗಿದೆ. ಬುಧವಾರ ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ. ಹುಡುಗರ ಕಡೆ ಮುಖ ಮಾಡಿ ಬಾಯಲ್ಲೇ ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಸಮೀಕರಣಗಳು ಉದ್ದವಿದ್ದಾಗ ಅವರಿಗೆ ಕಷ್ಟವಾಗುತ್ತದೆ.